ನೆಂಟರಿಗೆ ಮನೆ ಕೊಡುವಾಗ: ಬಾಯಿಮಾತು, ಭೋಗ್ಯ, ಹನ್ನೊಂದು ತಿಂಗಳ ಕರಾರು

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಮೇಲಿನ ಮಹಡಿಯನ್ನು 2015ರಿಂದ ಈಚೆಗೆ ನಾನು ಮೂರು ಬಾರಿ ನೆಂಟರಿಗೇ ಕೊಟ್ಟಿದ್ದೇನೆ. ಮೊದಲು ಚಿಕ್ಕಪ್ಪನ ಮಗನಿಗೆ ಬಾಯಿಮಾತಿನ ಬಾಡಿಗೆಗೆ, ಆಮೇಲೆ ಸೋದರಮಾವನ ಮಗಳ ಸಂಸಾರಕ್ಕೆ ಭೋಗ್ಯಕ್ಕೆ (ತಿಂಗಳ ಬಾಡಿಗೆಯಿಲ್ಲದೆ ಒಟ್ಟಿಗೆ ಹಣ ಪಡೆದು, ಮನೆ ಬಿಡುವಾಗ ಹಿಂದಿರುಗಿಸುವ ಏರ್ಪಾಟು), ಈಗ ಅಕ್ಕನ ಮಗನಿಗೆ ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ. ಮೂರನೆಯದನ್ನು ಬಿಟ್ಟು ಬೇರೆ ಯಾವ ಏರ್ಪಾಟಿಗೂ ನಾನು ಇನ್ನು ಒಪ್ಪುವವನಲ್ಲ. ಉಳಿದೆರಡರಲ್ಲಿ ಏನಾಯಿತೆಂದು ಹೇಳಿದರೆ ಕಾರಣ ತಿಳಿಯುತ್ತದೆ.

ಬಾಯಿಮಾತಿನ ಬಾಡಿಗೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೆಯ ಕಲಮಿನ ಪ್ರಕಾರ ಒಂದು ವರ್ಷ ಮೀರದ, ವರ್ಷದಿಂದ ವರ್ಷಕ್ಕೆ ನಡೆಯದ ಬಾಡಿಗೆ ಏರ್ಪಾಟನ್ನು ಮಾತಿನಲ್ಲೇ ಮಾಡಿಕೊಂಡು ಮನೆಯನ್ನು ವಶಕ್ಕೆ ಕೊಟ್ಟರೂ ಅದು ಊರ್ಜಿತವಾಗುತ್ತದೆ. ತೊಡಕು ಇರುವುದು ಅದನ್ನು ರುಜುವಾತು ಮಾಡುವುದರಲ್ಲಿ. ಚಿಕ್ಕಪ್ಪನ ಮಗ, ಅಂದರೆ ನನ್ನ ತಮ್ಮ, 2015ರ ಆಷಾಢ ಕಳೆದ ಮೇಲೆ ಸಾಮಾನು ತಂದಿಟ್ಟ, ಹಾಲುಕ್ಕಿಸಿದ್ದು ಮತ್ತೊಂದು ವಾರಕ್ಕೆ, ಹೆಂಡತಿ ಮಕ್ಕಳು ಬಂದದ್ದು ದಸರಾ ರಜೆಗೆ. ಬಾಡಿಗೆ ತಿಂಗಳಿಗೆ ₹7,000 ಎಂದು ಊಟದ ಎಲೆಯ ಮುಂದೆ ಮಾತಾಯಿತು. ಮುಂಗಡ ಕೇಳಲು ನನಗೆ ಬಾಯಿ ಬರಲಿಲ್ಲ. ಬಾಡಿಗೆ ಯಾವ ತಾರೀಖಿನಿಂದ ಶುರುವಾಯಿತೆಂಬುದು ಇಂದಿಗೂ ನಮ್ಮಿಬ್ಬರಲ್ಲಿ ಯಾರಿಗೂ ಖಚಿತವಿಲ್ಲ.

ಅದಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಬಾಡಿಗೆಯ ಹಣ ಯಾರ ಕೈ ಸೇರುತ್ತಿತ್ತು ಎಂಬ ಸಂಗತಿ. ನಾನು ಬೆಂಗಳೂರಿನಲ್ಲಿ ಇರುವವನು. ಕೆಳಗಿನ ಮನೆಯಲ್ಲಿ ಅಮ್ಮ ಒಬ್ಬರೇ. ತಮ್ಮ ಪ್ರತಿ ತಿಂಗಳೂ ನೋಟುಗಳನ್ನು ಅಮ್ಮನ ಕೈಗೆ ಕೊಡುತ್ತಿದ್ದ. ಅಮ್ಮ ಅದರಲ್ಲಿ ಒಮ್ಮೆ ಐನೂರನ್ನು ಅವನ ಮಗುವಿನ ಹುಟ್ಟುಹಬ್ಬಕ್ಕೆಂದು ಹಿಂದಿರುಗಿಸುತ್ತಿದ್ದರು, ಇನ್ನೊಮ್ಮೆ ತೊಟ್ಟಿಯ ಮೋಟಾರ್ ರಿಪೇರಿ ಮಾಡಿಸಿದ್ದಕ್ಕೆಂದು ಅವನೇ ಸಾವಿರ ಹಿಡಿದುಕೊಳ್ಳುತ್ತಿದ್ದ, ಮತ್ತೊಮ್ಮೆ ಅಮ್ಮನ ಔಷಧಿ ತಂದ ಲೆಕ್ಕ ಸೇರುತ್ತಿತ್ತು. ಇವೆಲ್ಲವೂ ಪ್ರೀತಿಯಿಂದಲೇ ನಡೆದವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಎರಡೂವರೆ ವರ್ಷ ಹೀಗೆ ನಡೆದ ಮೇಲೆ ಬಾಡಿಗೆ ಎಷ್ಟು, ಉಡುಗೊರೆ ಎಷ್ಟು, ರಿಪೇರಿಯ ವಜಾ ಎಷ್ಟು ಎಂದು ಬೇರ್ಪಡಿಸಲು ಒಂದು ಚೀಟಿಯೂ ಉಳಿದಿರಲಿಲ್ಲ.

ಜಗಳ ಹುಟ್ಟಿದ್ದು 2018ರ ಜನವರಿಯಲ್ಲಿ, ಕಚೇರಿಗಳಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗಾಗಿ ರಸೀದಿ ಕೇಳುವ ಕಾಲದಲ್ಲಿ. ತಮ್ಮ ತಿಂಗಳಿಗೆ ₹12,000ದಂತೆ ರಸೀದಿ ಬರೆದುಕೊಡುವಂತೆ ಕೇಳಿದ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕನ ಪ್ಯಾನ್ ಸಂಖ್ಯೆಯನ್ನೂ ಒದಗಿಸಬೇಕು. ಹಾಗೆ ಕೊಟ್ಟಿದ್ದರೆ ನಾನು ಕಾಣದ ₹60,000 ನನ್ನ ಆದಾಯವಾಗಿ ತೆರಿಗೆ ಇಲಾಖೆಯ ಮುಂದೆ ನಿಲ್ಲುತ್ತಿತ್ತು, ಮತ್ತು ನಾವಿಬ್ಬರೂ ಸುಳ್ಳಿಗೆ ಸಹಿ ಹಾಕಿದಂತಾಗುತ್ತಿತ್ತು. ಕೊಟ್ಟಷ್ಟಕ್ಕೇ ರಸೀದಿ ಬರೆಯುತ್ತೇನೆ ಎಂದೆ. ಆ ತಿಂಗಳಿನಿಂದ ಬಾಡಿಗೆ ನಿಂತಿತು. ಕೇಳಿದಾಗಲೆಲ್ಲ "ದೊಡ್ಡಮ್ಮನ ಕೈಗೆ ಕೊಟ್ಟಿದ್ದೀನಲ್ಲ" ಎಂಬ ಉತ್ತರ ಬರುತ್ತಿತ್ತು. ಅಮ್ಮನಿಗೆ ಆಗ ಎಪ್ಪತ್ತೆರಡು ವರ್ಷ. ಕೊಟ್ಟನೋ ಇಲ್ಲವೋ ಎಂದು ಎದೆ ಮುಟ್ಟಿ ಹೇಳಲು ಅವರಿಂದ ಆಗಲಿಲ್ಲ, ಹಾಗೆ ಹೇಳಿಸಲು ನನಗೂ ಮನಸ್ಸು ಬರಲಿಲ್ಲ.

ಮನೆ ಬಿಡು ಎಂದಾಗ ಅವನು ಬಾಡಿಗೆಯ ಮಾತನ್ನೇ ಬಿಟ್ಟು, ಈ ಮನೆಯ ತಳಪಾಯಕ್ಕೆ ತನ್ನ ತಂದೆಯೂ ಹಣ ಹಾಕಿದ್ದಾರೆ, ಆದ್ದರಿಂದ ತಾನು ಬಾಡಿಗೆದಾರನೇ ಅಲ್ಲ ಎಂದ. ವಕೀಲರು ನನಗೆ ವಿವರಿಸಿದ್ದು ಇದನ್ನೇ: ಹೊರಗಿನ ಬಾಡಿಗೆದಾರನೊಡನೆ ವ್ಯಾಜ್ಯ ಬಂದರೆ ಅದು ಬಾಕಿಯ ಬಗ್ಗೆ ಅಥವಾ ತೆರವಿನ ಬಗ್ಗೆ ಇರುತ್ತದೆ, ನೆಂಟನೊಡನೆ ಬಂದರೆ ಅವನು ಆ ಮನೆಯಲ್ಲಿ ಯಾರಾಗಿ ಇದ್ದಾನೆ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಬಾಡಿಗೆದಾರ ಬಾಡಿಗೆಯಲ್ಲಿರುವ ತನಕ ಮಾಲೀಕನ ಒಡೆತನವನ್ನು ಅಲ್ಲಗಳೆಯುವಂತಿಲ್ಲ ಎಂಬ ನಿಯಮ ಸಾಕ್ಷ್ಯ ಕಾನೂನಿನಲ್ಲಿದೆ, ಆದರೆ ಅವನು ಬಾಡಿಗೆದಾರನೆಂದು ಮೊದಲು ನಾನು ತೋರಿಸಬೇಕಿತ್ತು. ಗೋವೆಯ ಸೋದರ ಸೋದರಿಯರ ಮನೆ ವ್ಯಾಜ್ಯವೊಂದರಲ್ಲಿ, ಪುಕ್ಕಟೆಯಾಗಿ ಇರಲು ಬಿಟ್ಟವನು ದಶಕಗಳ ಕಾಲ ಇದ್ದರೂ ಆ ಸ್ವತ್ತಿನಲ್ಲಿ ಹಕ್ಕು ಪಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದು ಧೈರ್ಯ ಕೊಡುವ ತೀರ್ಪು ನಿಜ; ಆದರೆ ಮನೆಯ ಒಡತಿಯಾದ ಆ ಸೋದರಿ ಅಲ್ಲಿಯವರೆಗೆ ಹೋಗಬೇಕಾಯಿತು ಎಂಬುದನ್ನೂ ನೆನಪಿಡಬೇಕು.

ಬೀಗ ಬದಲಿಸುವುದು, ನೀರು ನಿಲ್ಲಿಸುವುದು ಮುಂತಾದ ಸಲಹೆಗಳನ್ನು ಬಂಧುಗಳೇ ಕೊಟ್ಟರು. ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರೆ, ಒಡೆತನ ಯಾರದೇ ಆಗಿರಲಿ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯುವ ಅವಕಾಶ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಲ್ಲಿದೆ. ಆದ್ದರಿಂದ ಆ ದಾರಿಯನ್ನು ಯಾರೂ ಹಿಡಿಯಬಾರದು. ಕೊನೆಗೆ ಸೋದರತ್ತೆ ಮಧ್ಯೆ ಕುಳಿತು ಮಾತಾಡಿದ ಮೇಲೆ 2019ರ ಫೆಬ್ರವರಿಯ ಕೊನೆಗೆ ತಮ್ಮ ಮನೆ ಬಿಟ್ಟ. ಹದಿನಾಲ್ಕು ತಿಂಗಳ ಬಾಡಿಗೆ ₹98,000 ಬರಲೇ ಇಲ್ಲ, ಚಿಕ್ಕಪ್ಪನ ಮನೆಯ ಬಾಗಿಲು ಇನ್ನೂ ನಮಗೆ ಪೂರ್ತಿ ತೆರೆದಿಲ್ಲ.

ಭೋಗ್ಯದ ಅನುಭವ ಇದಕ್ಕಿಂತ ಚಿಕ್ಕದು, ಅಲ್ಲಿ ತಪ್ಪು ಹೆಚ್ಚಾಗಿ ನನ್ನದು. 2019ರ ಜೂನ್‌ನಲ್ಲಿ ಎರಡು ವರ್ಷಕ್ಕೆ ₹6 ಲಕ್ಷ ಪಡೆದು ನೂರು ರೂಪಾಯಿಯ ಛಾಪಾ ಕಾಗದದಲ್ಲಿ ಬರೆದುಕೊಟ್ಟೆ, ನೋಂದಣಿ ಮಾಡಿಸಲಿಲ್ಲ. ಹಣ ಕೊಟ್ಟು, ಅದು ತೀರುವ ತನಕ ಮನೆಯನ್ನು ಅನುಭವಿಸುವುದು ಕಾನೂನಿನ ದೃಷ್ಟಿಯಲ್ಲಿ ಅಡಮಾನದ ಒಂದು ಬಗೆ; ನೋಂದಣಿಯೂ ಇಬ್ಬರು ಸಾಕ್ಷಿಗಳ ಸಹಿಯೂ ಇಲ್ಲದಿದ್ದರೆ ಆ ಕಾಗದ ಅಡಮಾನದ ಆಧಾರವಾಗಿ ನಿಲ್ಲುವುದಿಲ್ಲ. ಇದರಲ್ಲಿ ಮಾಲೀಕನಿಗಿಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡವರು ಹಣ ಕೊಟ್ಟವರು. ನಾನು ಆ ಹಣವನ್ನು ಗೃಹಸಾಲಕ್ಕೆ ಕಟ್ಟಿಬಿಟ್ಟಿದ್ದೆ. 2021ರ ಜೂನ್‌ನಲ್ಲಿ ಕೊರೋನಾದ ಎರಡನೆಯ ಅಲೆಯ ಹೊತ್ತಿಗೆ ಅಷ್ಟು ಹಣ ಒಟ್ಟುಗೂಡಲಿಲ್ಲ. ನವೆಂಬರ್‌ನಲ್ಲಿ ಬ್ಯಾಂಕಿನಿಂದ ಬೇರೆ ಸಾಲ ತೆಗೆದು ಹಿಂದಿರುಗಿಸುವ ತನಕ ಅವರು ಅಲ್ಲೇ ಇದ್ದರು, ಇದ್ದದ್ದು ನ್ಯಾಯವೇ. ಒಂದು ಕೆಲಸವನ್ನು ಮಾತ್ರ ಸರಿಯಾಗಿ ಮಾಡಿದ್ದೆವು: ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲ, ಠೇವಣಿಗಳನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿರುವುದರಿಂದ ಪೂರ್ತಿ ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು ಪಡೆದೆವು.

2022ರ ಜನವರಿಯಲ್ಲಿ ಅಕ್ಕನ ಮಗ ಬಂದಾಗ ಮೊದಲ ದಿನವೇ ಕರಾರಿನ ಮಾತೆತ್ತಿದೆ. "ನನ್ನ ಮಗನ ಹತ್ತಿರ ಛಾಪಾ ಕಾಗದಕ್ಕೆ ಸಹಿ ಹಾಕಿಸ್ಕೋತೀಯಾ?" ಎಂದು ಅಕ್ಕ ಬಹಳ ನೊಂದುಕೊಂಡಳು. ಕರಡನ್ನು ಅವಳ ಮುಂದೆ ಕುಳಿತು ಪೂರ್ತಿ ಓದಿದೆ. ಮನೆ ಬಿಡಿಸಬೇಕಾದರೆ ನಾನು ಎರಡು ತಿಂಗಳು ಮುಂಚೆ ತಿಳಿಸಬೇಕೆಂಬ ಷರತ್ತನ್ನು ಅವಳೇ ಸೇರಿಸಿದಳು. ಕರಾರಿಲ್ಲದ ತಿಂಗಳ ಬಾಡಿಗೆಗೆ ಕಾನೂನು ಕೊಡುವುದು ಹದಿನೈದು ದಿನಗಳ ನೋಟಿಸ್ ಮಾತ್ರ; ಆದ್ದರಿಂದ ಕರಾರಿನಿಂದ ಹೆಚ್ಚಿನ ರಕ್ಷಣೆ ಸಿಕ್ಕಿದ್ದು ಸೋದರಳಿಯನಿಗೆ. ತಿಂಗಳಿಗೆ ₹3,500ಕ್ಕಿಂತ ಹೆಚ್ಚು ಬಾಡಿಗೆಯ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಆಸರೆಯೂ ಇಲ್ಲ.

ಬಾಡಿಗೆ ₹11,000, ಮುಂಗಡ ₹60,000, ಐದನೆಯ ತಾರೀಖಿನೊಳಗೆ ನನ್ನ ಬ್ಯಾಂಕ್ ಖಾತೆಗೇ ಜಮಾ, ರಿಪೇರಿಯ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವಂತಿಲ್ಲ, ಸಾಕ್ಷಿಗಳಿಬ್ಬರೂ ಕುಟುಂಬದ ಹೊರಗಿನವರು. ಅಳಿಯ "ಬಾಡಿಗೆದಾರನಾಗಿ" ಬಂದಿದ್ದಾನೆ ಎಂಬ ಒಂದು ಸಾಲು ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯ. ಛಾಪಾ ಶುಲ್ಕವನ್ನು ಪೂರ್ತಿ ಕಟ್ಟಿಯೇ ಬರೆಸಬೇಕು. ಕಡಿಮೆಯಾಗಿದ್ದರೆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ ತೆತ್ತ ಮೇಲೆಯೇ ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ಪರಿಗಣಿಸುತ್ತದೆ. ಅಳಿಯನ ಕಚೇರಿಗೆ ನನ್ನ ಪ್ಯಾನ್ ಕೊಟ್ಟಿದ್ದೇನೆ, ಬಾಡಿಗೆಯನ್ನು ಆದಾಯದಲ್ಲಿ ತೋರಿಸುತ್ತೇನೆ, ಶೇ 30ರ ಕಡಿತ ಸಿಗುತ್ತದೆ. 2023ರಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕುವಾಗಲೂ ಇದೇ ಕರಾರು ಅವನ ನೆರವಿಗೆ ಬಂತು.

ಇದರ ಅನನುಕೂಲವೆಂದರೆ ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗಿ ಬರೆಯಬೇಕು. ಮೂರು ವರ್ಷಕ್ಕೆ ಒಂದೇ ಸಲ ನೋಂದಣಿ ಮಾಡಿಸುವುದು ಇನ್ನೂ ಗಟ್ಟಿ. ಅಂಗಡಿ ಮಳಿಗೆಯಾಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ಆದರೆ ಅಳಿಯನ ಕೆಲಸ ವರ್ಗಾವಣೆಯದು, ನಾನು ಮೈಸೂರಿಗೆ ಬರುವುದು ತಿಂಗಳಿಗೊಮ್ಮೆ, ಅದೂ ಭಾನುವಾರ. ಊರಿನಲ್ಲೇ ಇದ್ದು, ಸಾಲದ ಕಂತಿಲ್ಲದೆ, ಬಾಡಿಗೆ ತಪ್ಪಿದರೂ ನಡೆದೀತು ಎನ್ನುವವರು ಬಾಯಿಮಾತನ್ನು ಇಷ್ಟಪಡಬಹುದು. ನನ್ನ ಸಂಬಳದಲ್ಲಿ ಅದು ಆಗದ ಮಾತು. ಬರೆಸುವ ಖರ್ಚು ಪ್ರತಿ ಬಾರಿ ಸುಮಾರು ₹2,000. ಈಗ ನಡೆಯುತ್ತಿರುವುದು ಐದನೆಯ ಕರಾರು, ಅದಕ್ಕೆ ಒಂದು ಬದಿಯ ಸಾಕ್ಷಿಯಾಗಿ ಸಹಿ ಹಾಕಿದ ಎದುರು ಮನೆಯವರನ್ನು ಕರೆದು ತಂದವಳು ಅಕ್ಕನೇ.