ಓಣಿ ಗಾರ್ಡನ್, ಗಗನ ಮಹಲ್, ಪ್ಲೇ ಏರಿಯಾ: ವಿಜಯಪುರದಲ್ಲಿ ಚಿಕ್ಕ ಮಕ್ಕಳನ್ನು ಎಲ್ಲಿ ಆಡಿಸುವುದು?

ನನ್ನ ಮಗನಿಗೆ ಆರು ವರ್ಷ, ಮಗಳಿಗೆ ಮೂರು. ಸಂಜೆ ಐದಾಯಿತೆಂದರೆ ಇಬ್ಬರನ್ನೂ ಮನೆಯೊಳಗೆ ಹಿಡಿಯುವುದು ಕಷ್ಟ. ನಾವು ಹೋಗುವ ಜಾಗ ಮೂರು. ನಮ್ಮ ಕಾಲೊನಿಯ ಸಣ್ಣ ಗಾರ್ಡನ್, ಗಗನ ಮಹಲ್ ಸುತ್ತಲಿನ ಹುಲ್ಲು, ಮತ್ತೆ ದುಡ್ಡು ಕೊಟ್ಟು ಒಳಗೆ ಆಡಿಸುವ ಪ್ಲೇ ಏರಿಯಾ. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಮೂರೂ ಕಡೆ ಆಡಿಸಿ ನೋಡಿದ್ದೇನೆ. ಐದು ವರ್ಷದೊಳಗಿನ ಮಗು ಜೊತೆಗಿದ್ದರೆ ನಾನು ಓಣಿಯ ಗಾರ್ಡನ್ನೇ ಆರಿಸುತ್ತೇನೆ.

ಅಲ್ಲಿ ಆಟದ ಸಾಮಾನು ಜಾಸ್ತಿ ಇದೆ ಅಂತಲ್ಲ. ಒಂದು ಜಾರುಬಂಡಿ, ಎರಡು ಜೋಕಾಲಿ, ಒಂದು ಸೀಸಾ, ಅಷ್ಟೇ. ಆದರೆ ಮನೆಯಿಂದ ಐದು ನಿಮಿಷದ ದಾರಿ. ಮೂರು ವರ್ಷದ ಮಗುವಿಗೆ ಬಾತ್‌ರೂಮ್, ಹಸಿವು, ನಿದ್ದೆ ಯಾವುದೂ ಹೇಳಿ ಬರುವುದಿಲ್ಲ. ಎತ್ತಿಕೊಂಡು ಮನೆಗೆ ಬಂದರಾಯಿತು. ಇಪ್ಪತ್ತು ನಿಮಿಷ ಆಡಿದರೂ ಸಾಕು. ಆಟೊ ಮಾಡಿಕೊಂಡು ದೂರ ಹೋದಾಗ ಹಾಗಾಗುವುದಿಲ್ಲ. ಮಗು ದಣಿದಿದ್ದರೂ "ಇಷ್ಟು ದೂರ ಬಂದೀವಿ, ಇನ್ನೊಂದ್ ಸ್ವಲ್ಪ ಆಡು" ಅಂತ ನಾವೇ ಒತ್ತಾಯ ಮಾಡುತ್ತೇವೆ.

ಹತ್ತಿರ ಇದ್ದರೆ ದಿನಾ ಹೋಗುತ್ತೇವೆ. ದಿನಾ ಹೋದರೆ ಅದೇ ಮಕ್ಕಳು ಸಿಗುತ್ತಾರೆ. ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಇದೇ. ಮೊದಮೊದಲು ಜೋಕಾಲಿ ಹತ್ತಿರ ದೊಡ್ಡ ಮಕ್ಕಳಿದ್ದರೆ ನನ್ನ ಮಗಳು ನನ್ನ ಸೀರೆ ಬಿಡುತ್ತಿರಲಿಲ್ಲ. ಮೊಮ್ಮಗಳನ್ನು ಕರೆದುಕೊಂಡು ಬರುವ ಒಬ್ಬ ಆಯಿ ಇದ್ದಾರೆ. "ಇಪ್ಪತ್ತು ಎಣಿಸೂತನಾ ಆಡವ್ವಾ, ಆಮ್ಯಾಲೆ ಸಣ್ಣಾಕಿಗೆ ಬಿಡು" ಅಂತ ಅವರು ಶುರು ಮಾಡಿದ್ದು ಈಗ ಅಲ್ಲಿನ ಕಾಯ್ದೆಯೇ ಆಗಿದೆ. ಎಲ್ಲ ಮಕ್ಕಳೂ ಜೋರಾಗಿ ಎಣಿಸುತ್ತಾರೆ. ನನ್ನ ಮಗಳು ಹನ್ನೆರಡರಿಂದ ಸೀದಾ ಹದಿನೈದಕ್ಕೆ ಹಾರುತ್ತಾಳೆ, ಆದರೆ ತನ್ನ ಪಾಳಿಗೆ ಕಾಯುವುದನ್ನು ಕಲಿತಿದ್ದಾಳೆ.

ಗಾರ್ಡನ್ನಿನ ದೊಡ್ಡ ಕೊರತೆ ಬಿಸಿಲು. ನಮ್ಮ ಊರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ನಮ್ಮ ಜಾರುಬಂಡಿ ಸ್ಟೀಲಿನದು, ಅದೂ ಪಶ್ಚಿಮಕ್ಕೆ ಮುಖ ಮಾಡಿದೆ. ಇಳಿಬಿಸಿಲು ನೇರ ಅದರ ಮೇಲೆಯೇ ಬೀಳುತ್ತದೆ. ಐದೂವರೆಗೂ ತಗಡು ಸುಡುತ್ತಿರುತ್ತದೆ. ಚಿಕ್ಕ ಮಕ್ಕಳ ಚರ್ಮ ತೆಳ್ಳಗೆ, ಸುಡುವುದು ತಿಳಿದರೂ ಅವು ಬೇಗ ಏಳುವುದಿಲ್ಲ. ಹಾಗಾಗಿ ಮಗುವನ್ನು ಹತ್ತಿಸುವ ಮೊದಲು ಅಂಗೈಯ ಹಿಂಬದಿಯಿಂದ ತಗಡು ಮುಟ್ಟಿ ನೋಡುತ್ತೇನೆ. ನನ್ನ ಕೈಗೆ ಆಗದಿದ್ದರೆ ಅವಳಿಗೂ ಬೇಡ. ಪ್ಲಾಸ್ಟಿಕ್ ಜಾರುಬಂಡಿ ಆದರೆ ಸುಡುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಬಿಸಿಲಿಗಿದ್ದರೆ ಅದೂ ಸುಡುತ್ತದೆ. ಬೇಸಿಗೆಯಲ್ಲಿ ನಾವು ಬೆಳಿಗ್ಗೆ ಏಳಕ್ಕೇ ಹೋಗಿಬಿಡುತ್ತೇವೆ.

ಇನ್ನೊಂದು, ನೆಲ. ನಮ್ಮದು ಎರಿ ಮಣ್ಣು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಬಿದ್ದರೆ ಪೆಟ್ಟು ಜೋರು. ಮಳೆ ಬಂದರೆ ಚಪ್ಪಲಿ ಹಿಡಿದು ಬಿಡುವುದೇ ಇಲ್ಲ. ಕೆಲವು ಗಾರ್ಡನ್‌ಗಳಲ್ಲಿ ಚಂದ ಕಾಣಲಿ ಅಂತ ಜೋಕಾಲಿ ಕೆಳಗೂ ಫರಸಿ ಹಾಕಿರುತ್ತಾರೆ. ಅಂಥ ಕಡೆ ನಾನು ಮಗಳನ್ನು ಜೋಕಾಲಿಗೆ ಕೂರಿಸುವುದಿಲ್ಲ. ಉಸುಕು ಇರಬೇಕು, ಒಂದು ಅಡಿಯಷ್ಟು ಆಳ ಇದ್ದರೆ ಒಳ್ಳೆಯದು. ತುಳಿದು ತುಳಿದು ಅದೂ ಗಟ್ಟಿಯಾಗುತ್ತದೆ, ಆಗಾಗ ಕೆದಕಬೇಕು. ನಮ್ಮ ಕಾಲೊನಿಯವರು ದುಡ್ಡು ಕೂಡಿಸಿ ಉಸುಕು ಹಾಕಿಸಿದ ಮೇಲೆ ಮಗಳು ಜಾರುಬಂಡಿಗಿಂತ ಉಸುಕಲ್ಲೇ ಜಾಸ್ತಿ ಹೊತ್ತು ಕೂರುತ್ತಾಳೆ.

ಎಲ್ಲಿಗೆ ಹೋದರೂ ಒಂದು ಮಾತು ನೆನಪಿಡಿ. ಚಿಕ್ಕ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಜಾರಬೇಡಿ. ಮಗುವಿನ ಬೂಟು ಬದಿಗೆ ಸಿಕ್ಕಿಕೊಂಡರೆ ಅದರ ಕಾಲು ಅಲ್ಲೇ ನಿಲ್ಲುತ್ತದೆ, ನಮ್ಮ ಭಾರ ಮಾತ್ರ ಕೆಳಗೆ ಎಳೆಯುತ್ತದೆ. ಮೊಣಕಾಲಿನ ಕೆಳಗಿನ ಎಲುಬು ಮುರಿಯುವುದು ಹೀಗೆಯೇ. ಪ್ರೀತಿಯಿಂದ, ಜೋಪಾನ ಮಾಡಲೆಂದೇ ಕೂರಿಸಿಕೊಳ್ಳುತ್ತಾರೆ, ಅದಕ್ಕೇ ಇದು ಹೆಚ್ಚು ಜನರಿಗೆ ಗೊತ್ತಾಗಬೇಕು. ಮಗು ತಾನೇ ಜಾರಲಿ, ನಾವು ಪಕ್ಕದಲ್ಲಿ ನಿಂತು ಕೈ ಹಿಡಿಯೋಣ.

ಗಗನ ಮಹಲ್ ಮಗನ ಜಾಗ. ಅಲ್ಲಿ ಜೋಕಾಲಿ, ಜಾರುಬಂಡಿ ಬೇಕಾಗಿಲ್ಲ, ಓಡಲು ಜಾಗ ಇದೆಯಲ್ಲ. 1561ರ ಹೊತ್ತಿಗೆ ಇಲ್ಲಿನ ಸುಲ್ತಾನ ಒಂದನೇ ಅಲಿ ಆದಿಲ್ ಶಾ ಕಟ್ಟಿಸಿದ ಅರಮನೆ ಅದು. ನಡುವಿನ ಆ ದೊಡ್ಡ ಕಮಾನಿನ ಕೆಳಗೆ ನಿಂತು ಮಗ "ಇದರ ಮಾಳಗಿ ಎಲ್ಲಿ ಹೋತು?" ಅಂತ ಕೇಳಿದಾಗ ನನಗೆ ಬಹಳ ಖುಷಿಯಾಯಿತು. ಸಂರಕ್ಷಿತ ಸ್ಮಾರಕ, ಹಾಗಾಗಿ ಗೋಡೆ ಹತ್ತಲು ಬಿಡಬಾರದು. ಬ್ಯಾಟು, ಚೆಂಡು ಮನೆಯಲ್ಲೇ ಇರಲಿ. ಗೋಳಗುಮ್ಮಟದ ಅಂಗಳವೂ ಚಲೋ, 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಆದರೆ ಮೇಲಿನ ಪಿಸುಮಾತಿನ ಗ್ಯಾಲರಿಗೆ ಹೋಗುವ ಮೆಟ್ಟಿಲು ಇಕ್ಕಟ್ಟು, ಸಣ್ಣವರನ್ನು ಎತ್ತಿಕೊಂಡು ಏರುವುದು ಕಷ್ಟ.

ಪ್ಲೇ ಏರಿಯಾ ನನಗೆ ಅಷ್ಟಕ್ಕಷ್ಟೇ. ಮೇ ತಿಂಗಳ ಮಧ್ಯಾಹ್ನಕ್ಕೆ, ಮಳೆ ಹಿಡಿದ ದಿನಕ್ಕೆ ಅದು ಬೇಕು, ನಿಜ. ತಂಪು ಇರುತ್ತದೆ, ಕೆಳಗೆ ಮೆತ್ತನೆಯ ನೆಲ. ಆದರೆ ಗಂಟೆ ಲೆಕ್ಕದ ದುಡ್ಡು, ಹಾಡಿನ ಗದ್ದಲ. ಟ್ರ್ಯಾಂಪೊಲಿನ್ ಮೇಲೆ ದೊಡ್ಡವರೂ ಸಣ್ಣವರೂ ಒಟ್ಟಿಗೆ ಕುಣಿಯುತ್ತಾರೆ. ಹಾಗೆ ಕುಣಿದಾಗ ಪೆಟ್ಟು ಬೀಳುವುದು ಹಗುರ ಇರುವ ಮಗುವಿಗೇ. ಆರು ವರ್ಷದೊಳಗಿನವರಿಗೆ ಟ್ರ್ಯಾಂಪೊಲಿನ್ ಬೇಡ ಅಂತ ಮಕ್ಕಳ ಡಾಕ್ಟರುಗಳೂ ಹೇಳುತ್ತಾರೆ. ಮಗಳನ್ನು ಚೆಂಡಿನ ಗುಂಡಿಗೆ ಮಾತ್ರ ಬಿಡುತ್ತೇನೆ.

ಈಗ ನಮ್ಮ ಗಾರ್ಡನ್‌ಗೆ ಬೇಕಾದದ್ದು ನೆರಳು. ಮಳೆ ಶುರುವಾದ ಕೂಡಲೇ ಜಾರುಬಂಡಿಯ ಪಶ್ಚಿಮಕ್ಕೆ ಎರಡು ಬೇವಿನ ಸಸಿ ಹಚ್ಚೋಣ ಅಂತ ಕಾಲೊನಿಯವರೆಲ್ಲ ಮಾತಾಡಿದ್ದೇವೆ. ನೀರು ಹಾಕುವ ಪಾಳಿ ಹಚ್ಚುವುದಷ್ಟೇ ಬಾಕಿ.