ಸೋಗಾನೆ ಕಡೆ ಹೊಸ ಮನೆಯೋ, ಗಾಜನೂರು ಕಡೆಯದೋ?

ಕೆಲಸ ಶಿವಮೊಗ್ಗದಲ್ಲಿ, ಮನೆ ಮಾತ್ರ ಹಳ್ಳಿಯಲ್ಲಿ ಬೇಕು ಅಂದರೆ ನಾನು ಈ ಎರಡು ದಿಕ್ಕನ್ನೂ ನೋಡಿ ಅಂತೀನಿ.

ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ನಾಳೆ ಮಾರುವ ಲೆಕ್ಕ ಇದ್ದರೆ ಈ ಕಡೆ ವಾಸಿ. ಆದರೆ 30x40 ಅಡಿ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಹಿತ್ತಲು ಅಂತ ಉಳಿಯುವುದು ಬಟ್ಟೆ ಒಣಗಿಸುವಷ್ಟು ಜಾಗ, ಅಷ್ಟೇ.

ಗಾಜನೂರು ತೀರ್ಥಹಳ್ಳಿ ರಸ್ತೆಯಲ್ಲಿದೆ. ತುಂಗಾ ಅಣೆಕಟ್ಟು, ಪಕ್ಕದಲ್ಲೇ ಸಕ್ರೆಬೈಲಿನ ಆನೆ ಬಿಡಾರ. ನನ್ನ ಮನಸ್ಸು ಇತ್ತ ಕಡೆಯೇ, ಸುಳ್ಳು ಯಾಕೆ ಹೇಳಲಿ. ಆದರೆ ಪಶ್ಚಿಮಕ್ಕೆ ಹೋದಷ್ಟೂ ಮಳೆ ಜಾಸ್ತಿ ಅಲ್ವಾ, ಬರೀ ಆರ್‌ಸಿಸಿ ತಾರಸಿ ಹಾಕಿ ಚೆಂದವಾಗಿ ಬಣ್ಣ ಬಳಿದ ರೆಡಿ ಮನೆಯನ್ನು ಬೇಸಿಗೆಯಲ್ಲಿ ನೋಡಿ ಸುಮ್ನೆ ಅಡ್ವಾನ್ಸ್ ಕೊಟ್ಟುಬಿಡಬೇಡಿ. ಜುಲೈನಲ್ಲಿ ಒಮ್ಮೆ ಹೋಗಿ ಗೋಡೆ ಮುಟ್ಟಿ ನೋಡಿ. ತಾರಸಿ ಮೇಲೆ ಇಳಿಜಾರಾಗಿ ಶೀಟೋ ಹೆಂಚೋ ಹಾಕಿಸುವ ಖರ್ಚನ್ನೂ ಸೇರಿಸಿಕೊಳ್ಳಿ.

ಎರಡು ಕಡೆಯೂ ಪಂಚಾಯಿತಿ ವ್ಯಾಪ್ತಿಯ ಜಾಗವಾದರೆ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ, ಜೊತೆಗೆ ಕನ್ವರ್ಷನ್ ಆದೇಶ, ಅಂದರೆ ಕೃಷಿ ಜಮೀನನ್ನು ವಸತಿಗೆ ಬದಲಾಯಿಸಿದ ಆದೇಶ ಕೇಳಿ. "ಮುಂದಿನ ತಿಂಗಳು ಮಾಡಿಸಿಕೊಡ್ತೀವಿ ಸಾರ್" ಅಂದರೆ, ಆ ಮುಂದಿನ ತಿಂಗಳೇ ಬರ್ತೀವಿ ಅಂತ ಹೇಳಿ ಎದ್ದು ಬನ್ನಿ.