ಬ್ರಷ್ಷಿನ ಜೀನ್ ಪರೀಕ್ಷೆಯನ್ನು ನಂಬಿ ಬಯಾಪ್ಸಿ ಬಿಡಬೇಡಿ

ಮುಟ್ಟು ನಿಂತು ಏಳು ವರ್ಷವಾದ ಮೇಲೆ ಅಮ್ಮನಿಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಉಡುಪಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದ ಒಳಪದರ 11 ಮಿ.ಮೀ. ಇತ್ತು. ಹೀಗೆ ರಕ್ತ ಹೋಗುವವರಲ್ಲಿ ಅದು 4 ಮಿ.ಮೀ. ದಾಟಿದ್ದರೆ ಬಯಾಪ್ಸಿ ಮಾಡಿಸಲೇಬೇಕು ಎಂದು ಡಾಕ್ಟರ್ ಹೇಳಿದರು. ಸ್ಪಷ್ಟವಾಗಿ ಹೇಳಿದ್ದರು. ಕೇಳದವಳು ನಾನು.

ಬಯಾಪ್ಸಿ ಎಂಬ ಹೆಸರಿಗೇ ಅಮ್ಮ ಹೆದರಿದಳು. ಅದೇ ವಾರ ಪರಿಚಯದವರ ಮೂಲಕ ಮಂಗಳೂರಿನ ಲ್ಯಾಬ್ ಒಂದರ ಪ್ರತಿನಿಧಿ ಸಿಕ್ಕಿದ. "ಕತ್ತರಿಸುವುದು, ಕೆರೆಯುವುದು ಏನೂ ಬೇಡ ಅಕ್ಕ. ಬ್ರಷ್ಷಿನಲ್ಲಿ ಸ್ವಲ್ಪ ಜೀವಕೋಶ ತೆಗೆದರೆ ಸಾಕು, ಜೀನ್ ನೋಡಿಯೇ ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳುತ್ತೇವೆ." ಅಮೆರಿಕದ ಸಂಶೋಧನೆ ಎಂದು ಮೊಬೈಲಿನಲ್ಲಿ ತೋರಿಸಿದ. 18,500 ರೂಪಾಯಿ ಕಟ್ಟಿದೆ.

ಮೂರು ವಾರದ ನಂತರ ವರದಿ ಬಂತು: ಜೀನ್‌ನಲ್ಲಿ ರೂಪಾಂತರ ಕಂಡುಬಂದಿಲ್ಲ. ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದೆವು. ಮತ್ತೆ ರಕ್ತ ಹೋದಾಗ "ವರದಿ ಚೆನ್ನಾಗಿದೆಯಲ್ಲ" ಎಂದು ಅಮ್ಮನ ಬಾಯಿ ಮುಚ್ಚಿಸಿದವಳೂ ನಾನೇ. ಹೀಗೆ ನಾಲ್ಕು ತಿಂಗಳು. ನಾಲ್ಕು ತಿಂಗಳು!

ಕೊನೆಗೆ ಬಯಾಪ್ಸಿ ಮಾಡಿಸಿದೆವು. ಕ್ಯಾನ್ಸರ್. ಡಾಕ್ಟರ್ ಆ ಹಳೆಯ ವರದಿಯ ಕೊನೆಯ ಪುಟ ತಿರುಗಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ಸರಿಸಿದರು. ಸಾಸಿವೆಯಷ್ಟು ಅಕ್ಷರ: ಇದು ರೋಗನಿರ್ಣಯದ ಪರೀಕ್ಷೆಯಲ್ಲ, ಬಯಾಪ್ಸಿಗೆ ಬದಲಿಯಲ್ಲ. ಬ್ಯಾಂಕಿನಲ್ಲಿ ದಿನವಿಡೀ ಕಾಗದ ಓದುವವಳು ನಾನು, ಅಮ್ಮನ ಕಾಗದವನ್ನು ಕೊನೆಯವರೆಗೆ ಓದಿರಲಿಲ್ಲ. ಅಮ್ಮ ಪಕ್ಕದಲ್ಲೇ ಕುಳಿತಿದ್ದಳು. ಏನೂ ಹೇಳಲಿಲ್ಲ.

ಲ್ಯಾಬಿಗೆ ಫೋನ್ ಮಾಡಿದೆ. ಹಣ ಕಟ್ಟುವವರೆಗೆ ಅಕ್ಕ, ಈಗ ಮೇಡಂ. "ವರದಿಯಲ್ಲಿ ತಪ್ಪಿಲ್ಲ ಮೇಡಂ, ನೀವು ಕೊಟ್ಟ ಸ್ಯಾಂಪಲ್‌ನಲ್ಲಿ ಇರಲಿಲ್ಲ." ನಾವು ಕೊಟ್ಟದ್ದಂತೆ! ತೆಗೆದದ್ದು ಅವರೇ. ಎರಡನೆಯ ಸಲ: "ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೀರಿ." ಮೂರನೆಯ ಸಲ ಕೇಳಿದ್ದನ್ನು ಈಗಲೂ ಸಹಿಸಲಾಗುತ್ತಿಲ್ಲ: "ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಂಡು) ಕಳುಹಿಸಿ, ಮುಂದಿನ ಪರೀಕ್ಷೆಗೆ ರಿಯಾಯಿತಿ ಕೊಡುತ್ತೇವೆ."

ಆ ಪ್ರತಿನಿಧಿ ಮೊಬೈಲಿನಲ್ಲಿ ತೋರಿಸಿದ್ದು 2018ರ ಪ್ಯಾಪ್‌ಸೀಕ್ ಎಂಬ ಅಧ್ಯಯನ. ಆಮೇಲೆ ಕುಳಿತು ಓದಿದೆ. ಗರ್ಭಕೋಶದ ಕ್ಯಾನ್ಸರ್ ಇದ್ದ ಪ್ರತಿ 100 ಹೆಂಗಸರಲ್ಲಿ, ಗರ್ಭಕಂಠದಿಂದ ಜೀವಕೋಶ ತೆಗೆಯುವ ಪ್ಯಾಪ್ ಬ್ರಷ್ಷಿನ ಸ್ಯಾಂಪಲ್ ಹಿಡಿದದ್ದು 81 ಮಂದಿಯದನ್ನು. ಉಳಿದ 19 ಮಂದಿಯ ಮಾತನ್ನು ಅವನು ಎತ್ತಲೇ ಇಲ್ಲ.

ಜೀನ್ ಪರೀಕ್ಷೆಯೇ ಮೋಸ ಎನ್ನುತ್ತಿಲ್ಲ. ಅಮ್ಮನಿಗೆ ಈಗಲೂ ಪಿ53, ಎಂಎಂಆರ್, ಪೋಲ್ ಎಂದು ಕ್ಯಾನ್ಸರಿನ ಬಗೆ ತಿಳಿಸುವ ಗುರುತುಗಳನ್ನು ನೋಡಿದರು. ಆದರೆ ಅದು ಬಯಾಪ್ಸಿಯ ತುಂಡಿನಲ್ಲಿ, ಕ್ಯಾನ್ಸರ್ ಎಂದು ಖಚಿತವಾದ ಮೇಲೆ, ಮುಂದಿನ ಚಿಕಿತ್ಸೆ ತೀರ್ಮಾನಿಸಲು.

ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಬಯಾಪ್ಸಿ ಬೇಡ ಎನ್ನುವ ಮಾತು ಲ್ಯಾಬಿನವರ ಬಾಯಿಂದ ಬಂದರೆ ಅಲ್ಲಿಂದ ಎದ್ದು ಬನ್ನಿ.

ಅಮ್ಮನ ಶಸ್ತ್ರಚಿಕಿತ್ಸೆ ಮುಗಿದಿದೆ. ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಇಂಥದ್ದೇ ಪರೀಕ್ಷೆ ಮಾಡಿಸಿದವರು ಮಂಗಳೂರು, ಉಡುಪಿ ಕಡೆ ಇನ್ನೂ ಇದ್ದರೆ ರಸೀದಿಯನ್ನೂ ಆ ಕೊನೆಯ ಪುಟವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.